ಗೇಟಿನ ಬಳಿ ಬೊಗಳುವ ನಾಯಿಗೆ ಸಂಬಳ ಕೊಡುವವರು ಯಾರು?

ದೂರು ಶುರುವಾಗುವುದು ಸಾಮಾನ್ಯವಾಗಿ ಎರಡು ಮೂರು ವಾರ ಕಳೆದ ಮೇಲೆ. "ತಂದಾಗ ಎಷ್ಟು ಸಾಧು ಇತ್ತು ಸಾರ್! ಮಂಚದ ಕೆಳಗೆ ಸೇರಿಕೊಂಡರೆ ಊಟಕ್ಕೆ ಕರೆದರೂ ಬರ್ತಿರಲಿಲ್ಲ. ಈಗ ನೋಡಿ, ಮುಂದೆ ಒಂದು ಸ್ಕೂಟರ್ ನಿಂತರೆ ಸಾಕು, ಇಡೀ ಕ್ರಾಸಿಗೆ ಕೇಳೋ ಹಾಗೆ ಬೊಗಳುತ್ತೆ. ತಟ್ಟೆ ಹತ್ರ ಹೋದ್ರೆ ಗುರ್ ಅನ್ನುತ್ತೆ." ಆಶ್ರಯ ಕೇಂದ್ರದಿಂದಲೋ ಬೀದಿಯಿಂದಲೋ ನಾಯಿ ತಂದವರು ಸ್ವಲ್ಪ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ. ನಾಯಿ ಕೆಟ್ಟುಹೋಯಿತು ಎಂದು ಅವರ ಲೆಕ್ಕ. ಆದರೆ ಮೊದಲ ವಾರ ಕಂಡದ್ದು ಸಾಧುತನವಲ್ಲ, ಭಯ. ಹೊಸ ಜಾಗದ ವಾಸನೆ, ಸದ್ದು, ಮನುಷ್ಯರು ಯಾವುದೂ ತಿಳಿಯದೆ ಅದು ಮುದುಡಿಕೊಂಡಿತ್ತು. ಈಗ ಜಾಗ ತನ್ನದೆಂದು ಗೊತ್ತಾಗಿದೆ. ಹಾಗಾಗಿ ಹಿಂದೆ ಎಲ್ಲೋ ಕಲಿತ ಪಾಠಗಳೆಲ್ಲ ಒಂದೊಂದಾಗಿ ಹೊರಗೆ ಬರುತ್ತಿವೆ.

ಉದಯಗಿರಿಯಂಥ ಕಡೆ ಈ ಪಾಠಗಳು ಬೇಗ ಹೊರಬರುತ್ತವೆ. ಮೈಸೂರಿನ ಈಶಾನ್ಯಕ್ಕೆ ಉದಯಗಿರಿ, ರಾಜೀವನಗರ, ಶಾಂತಿನಗರ, ಕಲ್ಯಾಣಗಿರಿ ಒಂದಕ್ಕೊಂದು ಹೆಣೆದುಕೊಂಡ ಬಡಾವಣೆಗಳು. ಅನೇಕ ಕ್ರಾಸುಗಳಲ್ಲಿ ಗೇಟು ತೆಗೆದರೆ ನೇರ ರಸ್ತೆ. ಪಕ್ಕದ ಮನೆಯ ಗೋಡೆ ನಮ್ಮ ಗೋಡೆಗೆ ತಾಗಿಕೊಂಡೇ ಇರುತ್ತದೆ. ಬಾಗಿಲ ಮುಂದೆಯೇ ಮಕ್ಕಳ ಕ್ರಿಕೆಟ್ಟು, ಬೈಕುಗಳು, ತಳ್ಳುಗಾಡಿಗಳು, ಮೂಲೆಯಲ್ಲೊಂದು ಕೋಳಿ ಅಂಗಡಿ, ಅದರ ಮುಂದೆ ಮೂಳೆ ಕಾಯುತ್ತ ಕೂತ ನಾಲ್ಕು ಬೀದಿನಾಯಿಗಳು. ದೊಡ್ಡ ಕಾಂಪೌಂಡಿನ ಮನೆಯಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಕೆಟ್ಟ ಚಾಳಿ ಇಲ್ಲಿ ವಾರದೊಳಗೆ ಬೀದಿ ಪಂಚಾಯಿತಿಗೆ ಬರುತ್ತದೆ.

ಚಾಳಿ ಬಿಡಿಸಬೇಕೆಂದರೆ ಮೊದಲು ಅದು ಹೇಗೆ ಬದುಕುತ್ತದೆ ಎಂದು ತಿಳಿಯಬೇಕು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿ ಒಂದು ಸರಳ ಸಂಗತಿ ಬರೆದಿಟ್ಟ: ಯಾವ ಕೆಲಸದ ಬೆನ್ನಿಗೇ ಪ್ರಾಣಿಗೆ ಬೇಕಾದದ್ದು ಸಿಗುತ್ತದೋ ಆ ಕೆಲಸವನ್ನು ಅದು ಮತ್ತೆ ಮಾಡುತ್ತದೆ. ಆಮೇಲೆ ಬಂದ ಬಿ.ಎಫ್. ಸ್ಕಿನ್ನರ್ ಅದಕ್ಕೊಂದು ಮುಖ್ಯ ಸೇರ್ಪಡೆ ಮಾಡಿದ. ಪ್ರತಿ ಸಲ ಸಿಗುವ ಫಲಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಫಲ ಆ ಅಭ್ಯಾಸವನ್ನು ಹೆಚ್ಚು ಗಟ್ಟಿ ಮಾಡುತ್ತದೆ. ನಾವು ಹಟಮಾರಿತನ ಎನ್ನುವುದರ ಗುಟ್ಟು ಬಹುಪಾಲು ಇಲ್ಲಿದೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕುಂಯ್‌ಗುಡುವ ನಾಯಿಗೆ ಅಪ್ಪ ಕೊಡುವುದಿಲ್ಲ, ಅಮ್ಮ ಗದರುತ್ತಾರೆ, ಅಜ್ಜಿ ಮಾತ್ರ ಎಂದೋ ಒಮ್ಮೆ ಚಪಾತಿಯ ಅಂಚು ಮುರಿದು ಕೆಳಗೆ ಹಾಕುತ್ತಾರೆ. ಆ ಒಂದು ಅಂಚು ಮುಂದಿನ ಹತ್ತು ದಿನದ ಕುಂಯ್‌ಗುಡುವಿಕೆಗೆ ಕೊಟ್ಟ ಸಂಬಳ.

ಗೇಟಿನ ಬೊಗಳಿಕೆಗೂ ಸಂಬಳವಿದೆ, ಅದು ನಮಗೆ ಕಾಣುವುದಿಲ್ಲ ಅಷ್ಟೆ. ಕೊರಿಯರ್ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಪೊಟ್ಟಣ ಕೊಟ್ಟು ಹೋಗುತ್ತಾನೆ. ಅವನು ಹೋಗಿದ್ದು ತನ್ನ ಕೆಲಸ ಮುಗಿಯಿತೆಂದು. ನಾಯಿಯ ಪ್ರಕಾರ ತಾನು ಬೊಗಳಿದ್ದಕ್ಕೇ ಹೋದ. ದಿನಕ್ಕೆ ಎಷ್ಟೋ ಸಲ, ತಪ್ಪದೆ, ಅದು ಗೆಲ್ಲುತ್ತಲೇ ಇರುತ್ತದೆ. ನಡುವೆ ನಾವು ಒಳಗಿನಿಂದ "ಏಯ್, ಸುಮ್ನಿರೋ!" ಎಂದು ಕೂಗಿದರೆ ಮನೆಯವರೂ ಜೊತೆಗೆ ಬೊಗಳುತ್ತಿದ್ದಾರೆ ಎಂದುಕೊಂಡು ಅದಕ್ಕೆ ಇನ್ನಷ್ಟು ಹುಮ್ಮಸ್ಸು.

ಹಾಗಾದರೆ ಮಾಡಬೇಕಾದದ್ದು ಎರಡು. ಹಳೆಯ ಕೆಲಸದ ಸಂಬಳ ಪೂರ್ತಿ ನಿಲ್ಲಬೇಕು, ಮನೆಯ ಎಲ್ಲರಿಂದಲೂ. ಅದರ ಜಾಗಕ್ಕೆ ಹೆಚ್ಚು ಸಂಬಳದ ಬೇರೆ ಕೆಲಸ ಕೊಡಬೇಕು. ಎರಡನೆಯದನ್ನು ಮರೆತು ಮೊದಲನೆಯದನ್ನಷ್ಟೇ ಮಾಡಿದವರು ವಾರದೊಳಗೆ ಕೈಚೆಲ್ಲುತ್ತಾರೆ. ಯಾಕೆಂದರೆ ಸಂಬಳ ನಿಂತ ಕೂಡಲೇ ಚಾಳಿ ಕಡಿಮೆಯಾಗುವುದಿಲ್ಲ, ಮೊದಲು ಜಾಸ್ತಿಯಾಗುತ್ತದೆ. ಕುಂಯ್‌ಗುಡುತ್ತಿದ್ದದ್ದು ಬೊಗಳುತ್ತದೆ, ಬೊಗಳುತ್ತಿದ್ದದ್ದು ಮೈಮೇಲೆ ಎಗರುತ್ತದೆ. ನಡವಳಿಕೆ ಶಾಸ್ತ್ರದಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಸರಿಯಾಗಿ ಆ ಏರುಪೇರಿನ ದಿನವೇ ಮನೆಯವರು ತಡೆಯಲಾರದೆ ಒಂದು ಬಿಸ್ಕತ್ತು ಎಸೆದುಬಿಟ್ಟರೆ, ಇನ್ನೂ ಜೋರಾಗಿ ಬೊಗಳಿದರೆ ಕೆಲಸವಾಗುತ್ತದೆ ಎಂಬ ಹೊಸ ಪಾಠವನ್ನು ನಾವೇ ಹೇಳಿಕೊಟ್ಟಂತಾಯಿತು.

ತರುವ ಮೊದಲಿನ ವಿಚಾರ ಈಗ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಘಟಕವಿದೆ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳು ದತ್ತು ಕೊಡುತ್ತವೆ. ಇಂಥ ಸಂಸ್ಥೆಗಳಲ್ಲಿ ಮನೆ ಹೇಗಿದೆ, ಬಾಡಿಗೆಯೋ ಸ್ವಂತದ್ದೋ, ದಿನದಲ್ಲಿ ಎಷ್ಟು ಹೊತ್ತು ಬೀಗ ಹಾಕಿರುತ್ತೀರಿ ಎಂದೆಲ್ಲ ಕೇಳುವುದುಂಟು. ಆ ಪ್ರಶ್ನೆಗಳಿಗೆ ಬೇಸರಪಡಬೇಡಿ, ತಿರುಗಿ ನೀವೂ ಕೇಳಿ: ಈ ನಾಯಿ ಗಂಡಸರನ್ನು ಕಂಡರೆ ಹೆದರುತ್ತದೆಯೇ, ಬೇರೆ ನಾಯಿಗಳ ಜೊತೆ ತಿನ್ನುತ್ತದೆಯೇ, ಮಕ್ಕಳಿರುವ ಮನೆಯಲ್ಲಿ ಇತ್ತೇ. ನೇರ ಬೀದಿಯಿಂದ ಎತ್ತಿಕೊಳ್ಳುವವರು ಕಾನೂನು ಸ್ವಲ್ಪ ತಿಳಿದಿರಬೇಕು. 2023ರ ಪ್ರಾಣಿ ಜನನ ನಿಯಂತ್ರಣ (ಎಬಿಸಿ) ನಿಯಮದ ಪ್ರಕಾರ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡುವುದು ಕ್ರಮ. ಹಾಗೆ ಚಿಕಿತ್ಸೆಯಾದ ನಾಯಿಯ ಕಿವಿಯಲ್ಲಿ ಸಣ್ಣ ಕಚ್ಚು ಇರುತ್ತದೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿನಾಯಿ ದತ್ತು ಬೇಕಾದವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದೆಂದೂ, ದತ್ತು ಹೋದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ತೆಗೆದುಕೊಂಡವರ ಹೊಣೆಯೆಂದೂ ಹೇಳಿದೆ. ಸಾಕಿದ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲೇ ಅಪರಾಧ.

ಮರಿಯೇ ಬೇಕೆಂಬ ಹಟ ಅನೇಕರಿಗೆ. ಮರಿ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡ ಮನುಷ್ಯ, ಸದ್ದು, ವಾಹನ ಎಲ್ಲವನ್ನೂ ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತದೆ, ನಿಜ. ಆ ಕಿಟಕಿ ಮುಚ್ಚಿದ ಮೇಲೆ ಹೊಸದಕ್ಕೆ ಒಗ್ಗುವುದು ನಿಧಾನ. ಆದರೆ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮನೆಗೆ ಎರಡು ತಿಂಗಳ ಮರಿ ತರುವುದಕ್ಕಿಂತ, ಸ್ವಭಾವ ಆಗಲೇ ಗೊತ್ತಾಗಿರುವ ಮೂರು ವರ್ಷದ ನಾಯಿ ತರುವುದು ಜಾಣತನ ಎಂದು ನನ್ನ ಅಭಿಪ್ರಾಯ. 2022ರಲ್ಲಿ '777 ಚಾರ್ಲಿ' ಸಿನಿಮಾ ಬಂದಾಗ ಮೈಸೂರಿನ ಒಂಟಿ ಕಾರ್ಮಿಕನ ಮನೆಗೆ ನುಗ್ಗಿದ ಲ್ಯಾಬ್ರಡಾರ್‌ನ ಕಥೆ ನೋಡಿ ಅತ್ತವರು ಬಹಳ. ಚಾರ್ಲಿಯ ಹಾವಳಿಗೆ ಅಲ್ಲಿ ಒಂದಷ್ಟು ದೃಶ್ಯ ಸಾಕಾಯಿತು. ನಿಜವಾದ ಮನೆಯಲ್ಲಿ ಅದು ತಿಂಗಳುಗಳ ಕೆಲಸ.

ತಂದ ಕೂಡಲೇ ತರಬೇತಿಗಿಂತ ಮೊದಲು ಪಶುವೈದ್ಯರು. ರೇಬೀಸ್ ಲಸಿಕೆ, ಜಂತುಹುಳದ ಔಷಧಿ ಎಲ್ಲರಿಗೂ ನೆನಪಿರುತ್ತದೆ. ಉಣ್ಣೆ ಜ್ವರ ಮರೆತುಹೋಗುತ್ತದೆ. ನಮ್ಮ ಕಡೆಯ ನಾಯಿಗಳಲ್ಲಿ ಉಣ್ಣೆ ಕಚ್ಚಿ ಹರಡುವ ಬಬೇಸಿಯಾ, ಎರ್ಲಿಕಿಯಾ ಸೋಂಕುಗಳು ಸಾಮಾನ್ಯ. ವಸಡು ಬಿಳಿಚಿಕೊಂಡಿದ್ದರೆ, ಊಟ ಬಿಟ್ಟಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ರಕ್ತಪರೀಕ್ಷೆ ತಡಮಾಡಬಾರದು. ಕಿವಿಯೊಳಗಿನ ಸೋಂಕು, ಹಳೆಯ ಮೂಳೆ ಮುರಿತ, ಹಲ್ಲುನೋವು ಇವೂ ಹಾಗೆಯೇ. ಬೆನ್ನು ಮುಟ್ಟಿದರೆ ಕಚ್ಚಲು ಬರುವ ನಾಯಿಗೆ ಬೆನ್ನು ನೋಯುತ್ತಿರಬಹುದು. ಅದಕ್ಕೆ ಯಾವ ತರಬೇತಿಯೂ ಮದ್ದಲ್ಲ.

ಮೊದಲ ಹತ್ತು ಹದಿನೈದು ದಿನ ನಾಯಿಗೆ ಏನೂ ಕಲಿಸಬೇಡಿ, ದಿನಚರಿಯೊಂದನ್ನು ಬಿಟ್ಟು. ಜನ ಓಡಾಡದ ಮೂಲೆಯಲ್ಲಿ ಒಂದು ಗೋಣಿಚೀಲವೋ ಹಳೆಯ ಬೆಡ್‌ಶೀಟೋ ಹಾಸಿ. ಆ ಮೂಲೆಯಲ್ಲಿ ಅದನ್ನು ಯಾರೂ ಮುಟ್ಟುವಂತಿಲ್ಲ ಎಂದು ಮಕ್ಕಳಿಗೂ ಹೇಳಿ. ಬಂದ ದಿನವೇ ಸ್ನಾನ ಬೇಡ, ನೆಂಟರನ್ನು ಕರೆದು ತೋರಿಸುವುದೂ ಬೇಡ. ಊಟ, ಹೊರಗೆ ಹೋಗುವುದು, ಮಲಗುವುದು ದಿನವೂ ಒಂದೇ ಹೊತ್ತಿಗೆ. ತಪ್ಪಿಸಿಕೊಂಡು ಓಡುವ ನಾಯಿಗಳು ಹೆಚ್ಚಾಗಿ ಓಡುವುದು ಈ ದಿನಗಳಲ್ಲೇ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟು ತಲೆಯಿಂದ ಸಲೀಸಾಗಿ ಜಾರುತ್ತದೆ. ಎದೆಗೆ ಹಾಕುವ ಹಾರ್ನೆಸ್ ಮತ್ತು ಬೆಲ್ಟು ಎರಡನ್ನೂ ಹಾಕಿ, ಎರಡಕ್ಕೂ ಹಗ್ಗ ಸಿಕ್ಕಿಸಿ ಹೊರಡಿ. ಬೆಲ್ಟಿಗೆ ಫೋನ್ ನಂಬರಿನ ಬಿಲ್ಲೆ ಇರಲಿ.

ಮುಟ್ಟುವ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಅಧ್ಯಯನ ಉಪಯೋಗಕ್ಕೆ ಬರುತ್ತದೆ. ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳನ್ನು ವರ್ಷಗಳಿಂದ ಗಮನಿಸುತ್ತಿದೆ. ಅಪರಿಚಿತ ಮನುಷ್ಯ ಮತ್ತೆ ಮತ್ತೆ ಭೇಟಿಯಾದಾಗ ತಿಂಡಿ ಕೊಟ್ಟವನಿಗಿಂತ ಮೈದಡವಿದವನ ಮೇಲೆ ಅವುಗಳ ನಂಬಿಕೆ ಹೆಚ್ಚು ಬೆಳೆಯಿತೆಂದು 2017ರಲ್ಲಿ ಅವರು ಪ್ರಕಟಿಸಿದರು. ಆದರೆ ತಲೆಯ ಮೇಲೆ ಕೈಯಿಟ್ಟು ತಟ್ಟುವುದಲ್ಲ. ನೀವು ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ, ಅದು ತಾನಾಗಿ ಬರಲಿ, ಎದೆಯ ಕಡೆ ಗದ್ದದ ಕೆಳಗೆ ಎರಡು ಸಲ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕೆಂದರೆ ಅದೇ ಒತ್ತಿಕೊಂಡು ಬರುತ್ತದೆ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದಿದ್ದರೂ ಆಕಳಿಸಿದರೆ ಇವತ್ತಿಗೆ ಸಾಕು ಎಂದು ಅರ್ಥ.

ಇನ್ನು ಪಾಠ. ಒಂದೇ ಒಂದು ಶಬ್ದ ಆರಿಸಿಕೊಳ್ಳಿ, "ಭೇಷ್" ಅನ್ನೋಣ. ಒಂದು ಸಲ ಭೇಷ್ ಎಂದು ತಕ್ಷಣ ಬೇಯಿಸಿದ ಕೋಳಿ ಲಿವರ್‌ನ ಹುಣಿಸೆಬೀಜದಷ್ಟು ತುಣುಕು. ಸಸ್ಯಾಹಾರಿ ಮನೆಯಾದರೆ ಪನೀರ್. ಹೀಗೆ ಹತ್ತಿಪ್ಪತ್ತು ಸಲ ಆದ ಮೇಲೆ ಶಬ್ದ ಕೇಳಿದರೇ ನಾಯಿ ನಿಮ್ಮ ಕಡೆ ತಿರುಗುತ್ತದೆ. ಈಗ ಅದು ಸರಿಯಾದ ಕೆಲಸ ಮಾಡಿದ ಕ್ಷಣಕ್ಕೆ ಈ ಶಬ್ದ, ಅದರ ಹಿಂದೆಯೇ ತುಣುಕು. ಒಂದು ಸೆಕೆಂಡು ತಡವಾದರೆ ಅದು ಬೇರೆ ಏನನ್ನೋ ಮಾಡುತ್ತಿರುತ್ತದೆ, ಸಂಬಳ ಅದಕ್ಕೆ ಹೋಗುತ್ತದೆ. ಕೂತ್ಕೊ, ಬಾ, ಬಿಡು ಇವು ಕನ್ನಡದಲ್ಲಿರಲಿ, ಉರ್ದುವಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಮನೆಯವರೆಲ್ಲ ಒಂದನ್ನೇ ಬಳಸಬೇಕು. ಪಾಠ ಒಂದು ಸಲಕ್ಕೆ ಮೂರು ನಿಮಿಷ ಸಾಕು, ಊಟಕ್ಕೆ ಮುಂಚೆ, ಹಸಿವಿದ್ದಾಗ.

ಗೇಟಿನ ಬೊಗಳಿಕೆಗೆ ಹೋಗೋಣ. ಮೊದಲ ಕೆಲಸ ನಾಯಿಯ ಮೇಲಲ್ಲ, ಗೇಟಿನ ಮೇಲೆ. ಗ್ರಿಲ್ಲಿನ ಕೆಳಭಾಗಕ್ಕೆ ನಾಯಿಯ ತಲೆಯ ಎತ್ತರದವರೆಗೆ ತಗಡೋ ಶೇಡ್‌ನೆಟ್ಟೋ ಕಟ್ಟಿಬಿಡಿ. ಸ್ಕೂಟರ್ ಕಾಣದಿದ್ದರೆ ಅರ್ಧ ಬೊಗಳಿಕೆ ಅಲ್ಲೇ ನಿಲ್ಲುತ್ತದೆ. ಹಗಲು ಹೊತ್ತು ಮುಂದಿನ ಅಂಗಳದಲ್ಲಿ ಕಟ್ಟಿಹಾಕುವುದನ್ನು ಬಿಡಿ. ಕಟ್ಟಿದ ನಾಯಿಗೆ ದೂರ ಹೋಗುವ ದಾರಿ ಇಲ್ಲದ್ದರಿಂದ ಬೊಗಳುವುದೊಂದೇ ಉಳಿದಿರುವ ಉಪಾಯ. ಆಮೇಲೆ ಒಳಗಿನ ಕೋಣೆಯಲ್ಲಿ ಒಂದು ಚಾಪೆ ಹಾಕಿ, ಚಾಪೆಯ ಮೇಲೆ ನಿಂತರೆ ಭೇಷ್, ಕೂತರೆ ಭೇಷ್, ಮಲಗಿದರೆ ಎರಡು ಭೇಷ್. ಇದು ಗಟ್ಟಿಯಾದ ಮೇಲೆ ಮನೆಯವರೇ ಒಬ್ಬರು ಹೊರಗೆ ಹೋಗಿ ಮೆಲ್ಲಗೆ ಒಂದು ಸಲ ಚಿಲಕ ಸದ್ದು ಮಾಡಲಿ. ಸದ್ದು ಕೇಳಿತು, ನಾಯಿ ಕಿವಿ ನಿಮಿರಿಸಿತು, ಬೊಗಳುವ ಮೊದಲೇ ಚಾಪೆಯ ಮೇಲೆ ತುಣುಕುಗಳು ಉದುರಲಿ. ದಿನ ಕಳೆದಂತೆ ಚಿಲಕದ ಸದ್ದು ಜೋರಾಗಲಿ, ಆಮೇಲೆ ಬೆಲ್ಲು, ಆಮೇಲೆ ಪಕ್ಕದ ಮನೆಯ ಹುಡುಗ ಬಂದು "ಆಂಟೀ" ಎಂದು ಕೂಗಲಿ. ಕೊನೆಗೆ ಚಿಲಕದ ಸದ್ದೇ ಚಾಪೆಗೆ ಓಡು ಎಂಬ ಅಪ್ಪಣೆಯಾಗುತ್ತದೆ. ನಡುವೆ ನಾಯಿ ಬೊಗಳಿತೆಂದರೆ ನೀವು ಮೆಟ್ಟಿಲು ಹಾರಿದ್ದೀರಿ. ಬೈಯುವುದೇನೂ ಬೇಡ, ಹಿಂದಿನ ಮೆಟ್ಟಿಲಿಗೆ ಹೋಗಿ.

ತಟ್ಟೆಯ ಬಳಿ ಗುರುಗುಟ್ಟುವುದು ಇದೆಲ್ಲಕ್ಕಿಂತ ಗಂಭೀರ. ಇಲ್ಲಿ ಜನ ಮಾಡುವುದು ಅಷ್ಟೂ ತಿರುಗುಮುರುಗು. "ನಾನು ಯಾರು ಅಂತ ಗೊತ್ತಾಗಲಿ" ಎಂದು ತಿನ್ನುತ್ತಿರುವಾಗಲೇ ತಟ್ಟೆ ಕಿತ್ತುಕೊಳ್ಳುವುದು, ಅನ್ನದೊಳಗೆ ಕೈಹಾಕುವುದು, ಗುರ್ ಎಂದರೆ ಹೊಡೆಯುವುದು. ಬೀದಿಯಲ್ಲಿ ಬೆಳೆದ ನಾಯಿಗೆ ಊಟವೆಂದರೆ ಬೇರೆಯವರು ಕಸಿದುಕೊಳ್ಳುವ ವಸ್ತು. ನೀವು ಕಿತ್ತುಕೊಂಡಷ್ಟೂ ಅದರ ಗುಮಾನಿ ನಿಜವಾಗುತ್ತದೆ. ಹೊಡೆತಕ್ಕೆ ಹೆದರಿ ಗುರುಗುಟ್ಟುವುದನ್ನು ಬಿಟ್ಟರೆ ಇನ್ನೂ ಅಪಾಯ. ಗುರ್ ಎನ್ನುವುದು ಎಚ್ಚರಿಕೆ. ಎಚ್ಚರಿಕೆ ಕೊಡುವುದನ್ನು ಮರೆತ ನಾಯಿ ನೇರವಾಗಿ ಕಚ್ಚುತ್ತದೆ, ಆಮೇಲೆ "ಏನೂ ಸೂಚನೆ ಕೊಡದೆ ಕಚ್ಚಿಬಿಡ್ತು" ಎನ್ನುತ್ತೇವೆ.

ಸರಿಯಾದ ದಾರಿ ಇದು. ನಾಯಿಗೆ ಒಂದು ಮೂಲೆಯಲ್ಲಿ ಊಟ ಹಾಕಿ ದೂರ ಹೋಗಿ. ಅದು ತಿನ್ನುತ್ತಿರುವಾಗ ಏಳೆಂಟು ಅಡಿ ಆಚೆ ನಡೆದುಹೋಗುತ್ತ, ನಿಲ್ಲದೆ, ಅದರ ಕಣ್ಣು ನೋಡದೆ, ತಟ್ಟೆಯ ಕಡೆಗೆ ಒಂದು ಲಿವರ್ ತುಣುಕು ಎಸೆದು ಹಾಗೇ ಹೋಗಿಬಿಡಿ. ಅನ್ನಕ್ಕಿಂತ ಒಳ್ಳೆಯದೊಂದು ನಿಮ್ಮ ಕೈಯಿಂದ ಬಂತು, ನೀವು ಏನನ್ನೂ ಒಯ್ಯಲಿಲ್ಲ. ಒಂದೊಂದು ಊಟಕ್ಕೂ ಹೀಗೆ. ನೀವು ಬರುವುದು ಕಂಡು ನಾಯಿ ತಲೆಯೆತ್ತಿ ಮೈ ಸಡಿಲವಾಗಿ ಬಾಲ ಆಡಿಸತೊಡಗಿದ ಮೇಲೆ ಒಂದು ಅಡಿ ಹತ್ತಿರ. ತಿನ್ನುತ್ತಿರುವ ವೇಗ ಹೆಚ್ಚಾದರೆ, ಮೈ ಮರಗಟ್ಟಿದರೆ, ತಲೆಯೆತ್ತದೆ ಕಣ್ಣಿನ ಅಂಚಿನಿಂದ ನಿಮ್ಮನ್ನು ನೋಡಿದರೆ ಎರಡು ಅಡಿ ಹಿಂದಕ್ಕೆ. ಎಷ್ಟೋ ವಾರದ ಮೇಲೆ ತಟ್ಟೆಯ ಪಕ್ಕ ನಿಂತು ತುಣುಕು ಹಾಕುವಂತಾಗುತ್ತದೆ. ಅಲ್ಲಿಗೆ ಸಾಕು, ತಟ್ಟೆ ತೆಗೆಯುವ ಪರೀಕ್ಷೆ ಯಾಕೆ ಬೇಕು? ತಿಂದು ಎದ್ದುಹೋದ ಮೇಲೆ ತೆಗೆದರಾಯಿತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಾಯಿಯ ಊಟ ಬಾಗಿಲು ಹಾಕಿದ ಕೋಣೆಯಲ್ಲೇ ಆಗಬೇಕು, ತರಬೇತಿ ಎಷ್ಟೇ ಚೆನ್ನಾಗಿ ನಡೆದಿದ್ದರೂ. ಈ ಕೆಲಸವನ್ನು ಮಕ್ಕಳ ಕೈಗೆ ಎಂದೂ ಕೊಡಬಾರದು.

ಬಾಯಲ್ಲಿ ಚಪ್ಪಲಿಯೋ ಕೋಳಿ ಅಂಗಡಿಯ ಮುಂದೆ ಎತ್ತಿದ ಮೂಳೆಯೋ ಇದ್ದಾಗ "ಬಿಡು" ಪಾಠ ಬೇಕಾಗುತ್ತದೆ. ಅಟ್ಟಿಸಿಕೊಂಡು ಹೋದರೆ ಅದು ಆಟ. ಮೂಗಿನ ಹತ್ತಿರ ಅದಕ್ಕಿಂತ ರುಚಿಯಾದದ್ದನ್ನು ಹಿಡಿದು, ಬಾಯಿ ಬಿಟ್ಟಾಗ "ಬಿಡು" ಎಂದು ಕೊಡಿ, ಆಗುವಂಥದ್ದಾದರೆ ಚಪ್ಪಲಿಯನ್ನೂ ಕ್ಷಣ ನೋಡಿ ವಾಪಸ್ಸು ಕೊಡಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಎಂದು ಅದಕ್ಕೆ ಗೊತ್ತಾಗಬೇಕು. ಬೇಯಿಸಿದ ಮೂಳೆ ಮಾತ್ರ ಚೂರಾಗಿ ಕರುಳಿಗೆ ಚುಚ್ಚುತ್ತದೆ, ಅದನ್ನು ಮರಳಿ ಕೊಡಬಾರದು. ಉಳಿದ ಸಾಂಬಾರು ಅನ್ನ ಹಾಕುವ ಪದ್ಧತಿಯೂ ಹೋಗಲಿ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕೇಡು.

ಸ್ಕೂಟರ್ ಬೆನ್ನಟ್ಟುವುದು, ಪಟಾಕಿಗೆ ನಡುಗುವುದು ಈ ಎರಡಕ್ಕೂ ಮದ್ದು ಒಂದೇ, ಅದನ್ನು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ವಿಜಯದಶಮಿಯ ದಿನ ಏಳು ಫಿರಂಗಿಗಳಿಂದ 21 ಕುಶಾಲತೋಪು ಹಾರುವಾಗ ದಸರಾ ಆನೆಗಳು ಬೆದರಬಾರದೆಂದು ಅದಕ್ಕೆ ಮುಂಚಿನ ವಾರಗಳಲ್ಲಿ ವಸ್ತುಪ್ರದರ್ಶನದ ಮೈದಾನದಲ್ಲಿ ತಾಲೀಮು ನಡೆಸುತ್ತಾರೆ. ಹೊಸ ಆನೆಗಳ ಪಕ್ಕ ಅನುಭವಿ ಆನೆಗಳು ನಿಲ್ಲುತ್ತವೆ, ಮೊದಲ ತಾಲೀಮಿನಲ್ಲಿ ಬೆದರಿದ್ದು ಮುಂದಿನದರಲ್ಲಿ ಕಡಿಮೆ ಬೆದರುತ್ತದೆ. ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿಯನ್ನೂ ಒಮ್ಮೆಲೇ ಹೊರಿಸುವುದಿಲ್ಲ. ಮರಳುಮೂಟೆ, ಮರದ ಅಂಬಾರಿ ಎಂದು ತೂಕ ಏರಿಸುತ್ತ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ನಾಯಿಗೂ ಅದೇ ಕ್ರಮ. ಒಂದು ವ್ಯತ್ಯಾಸ, ನಾಯಿ ಬೆದರುವಷ್ಟು ಸದ್ದಿನಿಂದ ಶುರು ಮಾಡಬಾರದು. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಂತೆ ಹಾಕಿ ಊಟ ಕೊಡಿ, ದಿನ ಕಳೆದಂತೆ ಒಂದೊಂದು ಗೆರೆ ಏರಿಸಿ. ದಸರಾ ದೀಪಾವಳಿಗೆ ಎರಡು ತಿಂಗಳ ಮೊದಲೇ ಶುರುಮಾಡಬೇಕು. ಪಂಜಿನ ಕವಾಯತು ನಡೆಯುವ ಬನ್ನಿಮಂಟಪ ಉದಯಗಿರಿಗೆ ದೂರವೇನಲ್ಲ. ಆ ರಾತ್ರಿ ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ಫ್ಯಾನು, ಟೀವಿ ಹಾಕಿ ಜೊತೆಗಿರಿ. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಎಂಬುದು ಸುಳ್ಳು, ಧಾರಾಳವಾಗಿ ಅಪ್ಪಿಕೊಳ್ಳಿ.

ಸ್ಕೂಟರಿಗೆ ತಾಲೀಮಿನ ಮೈದಾನ ಎಂದರೆ ದೂರ. ನಾಯಿ ಸ್ಕೂಟರನ್ನು ನೋಡುತ್ತದೆ ಆದರೆ ಇನ್ನೂ ತಿಂಡಿ ತಿನ್ನಬಲ್ಲದು, ಆ ಅಂತರ ಎಷ್ಟೆಂದು ಕಂಡುಕೊಳ್ಳಿ. ನಿಮ್ಮ ಕ್ರಾಸಿನಲ್ಲಿ ಆ ಅಂತರ ಸಿಗುವುದಿಲ್ಲ. ಬೆಳಿಗ್ಗೆ ಐದೂವರೆ ಆರಕ್ಕೆ ಯಾವುದಾದರೂ ಖಾಲಿ ಮೈದಾನದ ಅಂಚಿಗೆ ಹೋಗಿ ನಿಲ್ಲಬೇಕು. ದೂರದಲ್ಲಿ ಗಾಡಿ ಕಂಡಿತು, ಭೇಷ್, ತುಣುಕು. ತುಣುಕು ತಿನ್ನಲೊಲ್ಲದು ಎಂದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ಎಳೆಯುವ ನಾಯಿಗೆ ಎಳೆದಾಗಲೆಲ್ಲ ಮುಂದಕ್ಕೆ ಹೋಗಲು ಸಿಗುತ್ತದೆ, ಅದೇ ಅದರ ಸಂಬಳ. ಹಗ್ಗ ಬಿಗಿಯಾದ ಕೂಡಲೇ ಮರದಂತೆ ನಿಂತುಬಿಡಿ, ಸಡಿಲವಾದರೆ ನಡೆಯಿರಿ. ಮೊದಲ ವಾರ ಮನೆಯಿಂದ ಲೈಟು ಕಂಬದವರೆಗೆ ಹೋಗಿಬರಲು ಕಾಲು ಗಂಟೆ ಹಿಡಿಯುತ್ತದೆ.

ಮನೆಯೊಳಗೆ ಉಚ್ಚೆ ಹೊಯ್ಯುವುದಕ್ಕೆ ಊಟ, ನಿದ್ದೆ, ಆಟ ಯಾವುದು ಮುಗಿದರೂ ಕೂಡಲೇ ಹೊರಗೆ ಕರೆದೊಯ್ದು, ಹೊಯ್ದ ಮೇಲೆ ಅಲ್ಲೇ ತುಣುಕು ಕೊಡಿ. ನೆಲಕ್ಕೆ ಫಿನಾಯಿಲ್ ಹಾಕಿದರೆ ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಹೋಗಿರುವುದಿಲ್ಲ. ಎನ್ಜೈಮ್ ಇರುವ ದ್ರಾವಣ ಪೆಟ್ ಅಂಗಡಿಯಲ್ಲಿ ಸಿಗುತ್ತದೆ. ಮೂಗು ಹಿಡಿದು ನೆಲಕ್ಕೆ ಉಜ್ಜುವ ಹಳೆಯ ಪದ್ಧತಿಯಿಂದ ನಾಯಿ ಕಲಿಯುವುದು ಒಂದೇ, ನಿಮ್ಮೆದುರು ಉಚ್ಚೆ ಹೊಯ್ಯಬಾರದೆಂದು. ಹಾಗಾಗಿ ಅದು ಸೋಫಾದ ಹಿಂದೆ ಹೋಗುತ್ತದೆ. ಚಪ್ಪಲಿ ಕಚ್ಚುವುದಕ್ಕೆ ಚಪ್ಪಲಿ ಸ್ಟ್ಯಾಂಡು ಎತ್ತರಕ್ಕಿಡಿ, ಅಗಿಯಲು ಬೇರೇನಾದರೂ ಕೊಡಿ. ಅದಕ್ಕಿಂತ ದೊಡ್ಡ ವಿದ್ಯೆ ಅದರಲ್ಲಿಲ್ಲ.

ಬೀಗ ಹಾಕಿ ಹೋದಾಗ ಬಾಗಿಲು ಕೆರೆಯುವ, ಊಳಿಡುವ ನಾಯಿಯ ವಿಷಯ ಬೇರೆ. ಅದು ತುಂಟತನವಲ್ಲ, ಗಾಬರಿ. ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಕೂತುಬಿಡುವುದು, ಬಾಗಿಲಾಚೆ ಹತ್ತು ಸೆಕೆಂಡು ನಿಂತು ಬರುವುದು, ಹೀಗೆ ಏರಿಸಬೇಕು. ತೀರಾ ಗಾಬರಿಯ ನಾಯಿಗೆ ಪಶುವೈದ್ಯರು ಫ್ಲುಆಕ್ಸೆಟಿನ್‌ನಂಥ ಔಷಧಿ ಬರೆದುಕೊಡುವುದುಂಟು. ಔಷಧಿ ಎಂದು ಹಿಂಜರಿಯಬೇಕಿಲ್ಲ. ಗಾಬರಿ ಇಳಿಯದೆ ಪಾಠ ತಲೆಗೆ ಹೋಗುವುದಿಲ್ಲ.

ಹೊಡೆಯುವ ತರಬೇತುದಾರರ ಬಗ್ಗೆ ನನಗೆ ಎರಡು ಅಭಿಪ್ರಾಯವಿಲ್ಲ. ಮುಳ್ಳಿನ ಚೈನು, ಶಾಕ್ ಬೆಲ್ಟು, "ನೀವು ಗುಂಪಿನ ನಾಯಕ ಆಗಬೇಕು" ಎಂಬ ಉಪದೇಶದ ಬೇರು ಇರುವುದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಲೇಖನದಲ್ಲಿ. ಅವನು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಚ್ಚಾಟವನ್ನು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೆಕ್ 1999ರಲ್ಲಿ ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ, ಅಲ್ಲಿ ಕುಸ್ತಿ ಮಾಡಿ ನಾಯಕನಾಗುವ ಪದ್ಧತಿ ಇಲ್ಲ ಎಂದು ಬರೆದ. ಒಂದು ಕಾಲದಲ್ಲಿ ಆ ನಾಯಕನ ಮಾತನ್ನು ತನ್ನ ಪುಸ್ತಕದಿಂದ ಜನಪ್ರಿಯಗೊಳಿಸಿದವನೂ ಅವನೇ. ತರಬೇತುದಾರರನ್ನು ಕರೆಸುವಿರಾದರೆ, "ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ?" ಎಂದು ಮೊದಲೇ ಕೇಳಿ. ನಿಮ್ಮೆದುರು ಕಲಿಸಲು ಒಪ್ಪದವರು, ಹದಿನೈದು ದಿನ ನಾಯಿಯನ್ನು ತಮ್ಮಲ್ಲೇ ಬಿಟ್ಟುಹೋಗಿ ಎನ್ನುವವರು ಬೇಡ. ಚಾಳಿಗೆ ಸಂಬಳ ಸಿಗುತ್ತಿರುವುದು ನಿಮ್ಮ ಮನೆಯಲ್ಲಿ, ಅಲ್ಲೇ ಅದು ನಿಲ್ಲಬೇಕು.

ಉದಯಗಿರಿಯಲ್ಲಿ ನೆರೆಹೊರೆಯ ಮಾತೂ ತರಬೇತಿಯ ಭಾಗವೇ. ನಮಾಜಿಗೆ ಹೊರಟವರ ಬಟ್ಟೆಗೆ ನಾಯಿಯ ಜೊಲ್ಲು ತಾಗಿದರೆ ಅವರು ವಾಪಸ್ಸು ಹೋಗಿ ತೊಳೆದುಕೊಳ್ಳಬೇಕಾಗುತ್ತದೆ. ಮಡಿಯ ಮನೆಗಳಲ್ಲೂ ಹೀಗೆ ಮುಜುಗರಪಡುವವರಿದ್ದಾರೆ. ಮುಂಜಾನೆಯ ಅಜಾನ್ ಆಗಿ ಜನ ಮಸೀದಿಗೆ ನಡೆಯುವ ಹೊತ್ತು ತಿಳಿದುಕೊಂಡು ಆ ರಸ್ತೆ ಬಿಟ್ಟು ಬೇರೆ ರಸ್ತೆ ಹಿಡಿಯಿರಿ. ಎದುರಿಗೆ ಬಂದರೆ ಹಗ್ಗ ಮೊಟಕು ಮಾಡಿ ಪಕ್ಕಕ್ಕೆ ನಿಲ್ಲಿ. "ಏನೂ ಮಾಡಲ್ಲ ಬನ್ನಿ" ಎನ್ನುವುದು ಉತ್ತರವಲ್ಲ, ಎದುರಿನವರ ಪ್ರಶ್ನೆಯೇ ಬೇರೆ. ನಾಯಿಯನ್ನು ಮನೆಯೊಳಗೆ ಸೇರಿಸದವರು ಬೀದಿನಾಯಿಗೆ ದಿನಾ ಬ್ರೆಡ್ಡು ಹಾಕುವುದೂ ಉಂಟು, ಹಾಗಾಗಿ ದ್ವೇಷವೆಂದು ತೀರ್ಮಾನಿಸಬೇಡಿ. ಅಜಾನಿಗೋ ಆಂಬುಲೆನ್ಸಿನ ಸೈರನ್ನಿಗೋ ನಾಯಿ ಊಳಿಟ್ಟರೆ ಅದು ಉದ್ದನೆಯ ಸ್ವರಕ್ಕೆ ಓಗೊಡುವುದು ಅಷ್ಟೆ, ಆ ಹೊತ್ತಿಗೆ ಒಳಗೆ ಕರೆದು ಚಾಪೆಯ ಆಟ ಆಡಿಸಿ. ನಾಯಿಯ ಮಲ ಎತ್ತಲು ಜೇಬಿನಲ್ಲಿ ಕವರ್ ಇರಲೇಬೇಕು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇಷ್ಟಾದರೂ ಕಚ್ಚಿತು ಎನ್ನಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ನಾಯಿಗೆ ಲಸಿಕೆ ಆಗಿದೆ ಎಂದು ಸುಮ್ಮನಿರದೆ ಅದೇ ದಿನ ಕೆ.ಆರ್. ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ. ಚರ್ಮಕ್ಕೆ ಕೊಡುವ ಚುಚ್ಚುಮದ್ದಾದರೆ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಡಿ. ಮನುಷ್ಯರಿಗೆ ತಗಲುವ ರೇಬೀಸನ್ನು ಕರ್ನಾಟಕ ಸರ್ಕಾರ 2022ರಲ್ಲೇ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. ಕಚ್ಚಿದ ಇತಿಹಾಸವಿರುವ ನಾಯಿಗೆ ಬುಟ್ಟಿಯಂಥ ಬಾಯಿಕುಕ್ಕೆ ರೂಢಿ ಮಾಡಿಸಿ. ಬಲವಂತವಾಗಿ ತೊಡಿಸದೆ, ಕುಕ್ಕೆಯೊಳಗೆ ತುಣುಕಿಟ್ಟು ಅದೇ ಮೂಗು ತೂರಿಸುವಂತೆ ಮಾಡಬೇಕು.

ಕೆಲವು ನಾಯಿ, ಕೆಲವು ಮನೆ ಹೊಂದುವುದಿಲ್ಲ. ತೆವಳುವ ಮಗುವಿರುವ ಒಂದು ಕೋಣೆಯ ಮನೆಯಲ್ಲಿ ತಟ್ಟೆ ಕಾಯುವ ನಾಯಿ ಇರಬಾರದು, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಆದರೆ ರಾತ್ರೋರಾತ್ರಿ ರಿಂಗ್ ರೋಡಿನಲ್ಲಿ ಇಳಿಸಿ ಬರುವುದಲ್ಲ, ಕೊಟ್ಟ ಸಂಸ್ಥೆಗೇ ಹೇಳಿ ಹಿಂದಿರುಗಿಸಿ. ಜೊತೆಗೆ ಒಂದು ಚೀಟಿ ಬರೆದುಕೊಡಿ. ಯಾವುದಕ್ಕೆ ಹೆದರುತ್ತದೆ, ಎಷ್ಟು ಅಡಿಯವರೆಗೆ ತಟ್ಟೆಯ ಬಳಿ ಬರಲು ಬಿಟ್ಟಿತು, ಯಾವ ಶಬ್ದಕ್ಕೆ ತಿರುಗಿ ನೋಡುತ್ತದೆ, ಲಸಿಕೆ ಯಾವತ್ತು ಆಯಿತು. ಮುಂದೆ ಅದನ್ನು ತೆಗೆದುಕೊಂಡು ಹೋಗುವವರು ಮೊದಲಿನಿಂದ 'ಅ' ಬರೆಸುವುದು ತಪ್ಪುತ್ತದೆ.